ಭೂರಿಯ ಬೆನ್ನಿನ ದುಂಡು ಗುರುತುಗಳು

ನಿನ್ನೆ ಗುರುಗ್ರಾಮದ ಪಶುವೈದ್ಯರು ನನ್ನ ನಾಯಿಯ ಹುಳುಕಡ್ಡಿಗೆ ಮುಲಾಮು ಹಚ್ಚಿದಾಗ, ಅದರ ಗಂಧಕದ ವಾಸನೆಗೆ ದೆಹಲಿಯ ಮಯೂರ್ ವಿಹಾರ್‌ನ ನನ್ನ ಬಾಲ್ಯದ ಒಂದು ಮಧ್ಯಾಹ್ನ ನೆನಪಾಯಿತು.

ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಮಲಗುತ್ತಿದ್ದ ಭೂರಿ ಎಂಬ ನಾಯಿಯ ಬೆನ್ನಿನಲ್ಲಿ ಅಲ್ಲಲ್ಲಿ ಕೂದಲು ಉದುರಿ, ನಾಣ್ಯದಷ್ಟು ಅಗಲದ ದುಂಡು ಗುರುತುಗಳು ಎದ್ದಿದ್ದವು. ಅಂಚು ಕೆಂಪು, ನಡುವೆ ಒಣ ಹೊಟ್ಟು.

"ಬೀಡಿಯಿಂದ ಸುಟ್ಟಿದ್ದಾನೆ," ಎಂದರು ಮೇಲಿನ ಮನೆಯ ಆಂಟಿ. ಅಲ್ಲಿ ಬೀಡಿ ಸೇದುತ್ತಿದ್ದವನು ಗೇಟು ಕಾಯುವ ಗಾರ್ಡ್ ಭಯ್ಯಾ ಒಬ್ಬನೇ.

"ಅಚ್ಛಾ, ಅದಕ್ಕೇ ಅದು ಇವನ ಕುರ್ಚಿ ಬಿಟ್ಟು ಕದಲಲ್ಲ. ಹೆದರಿಸಿಟ್ಟಿದ್ದಾನೆ," ಎಂದಳು ಅಮ್ಮ.

"ಮೇಡಂ, ನನ್ನ ರೊಟ್ಟಿಯಲ್ಲಿ ಅರ್ಧ ಅದಕ್ಕೇ ಹಾಕ್ತೀನಿ," ಎಂದ ಭಯ್ಯಾ ನನ್ನ ಕಡೆ ತಿರುಗಿದ. "ಬೇಟಾ, ದಿನಾ ಅದನ್ನು ತಬ್ಬಿಕೊಂಡು ಆಡೋದು ನೀನೇ. ನಾನು ಸುಟ್ಟಿದ್ದು ನೋಡಿದ್ದೀಯಾ?"

ಎಲ್ಲರೂ ನನ್ನನ್ನೇ ನೋಡಿದರು. ಬೀದಿನಾಯಿ ಮುಟ್ಟುವುದಿಲ್ಲವೆಂದು ಅಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಜೂನ್ ತಿಂಗಳ ಸೆಕೆಯಲ್ಲೂ ನಾನು ತುಂಬುತೋಳಿನ ಅಂಗಿ ತೊಟ್ಟಿದ್ದೆ. ಒಳಗೆ ಮೊಣಕೈ ಬಳಿ ಅಂಥದೇ ಒಂದು ಉಂಗುರ ತುರಿಸುತ್ತಿತ್ತು. ಅದನ್ನು ಯಾರೂ ಸುಟ್ಟಿರಲಿಲ್ಲ.

"ನಾನು ಭೂರಿ ಹತ್ತಿರ ಹೋಗೋದೇ ಇಲ್ಲ," ಎಂದೆ.

ಸಂಜೆಗೆ ಭಯ್ಯಾನನ್ನು ಕೆಲಸದಿಂದ ತೆಗೆದಿದ್ದರು; ಗೇಟಿನಲ್ಲಿ ಬೇರೆ ಗಾರ್ಡ್ ಇದ್ದ.

ಮುಂದಿನ ವಾರ ಅಮ್ಮನಿಗೆ ನನ್ನ ಮೊಣಕೈ ಕಂಡಿತು. ಚರ್ಮದ ಡಾಕ್ಟರು ಅದನ್ನು ನೋಡಿದವರೇ, "ಹುಳುಕಡ್ಡಿ. ನಾಯಿ ಮುಟ್ತೀಯಾ?" ಎಂದು ಕೇಳಿದರು. ಮನೆಗೆ ಬಂದು ಬಾಗಿಲು ಹಾಕಿ ಅಮ್ಮ ಮುಲಾಮು ಹಚ್ಚಿದಳು. ಆಮೇಲೆ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು, ಗುಂಡಿ ಹಾಕಿ, "ಮೇಲಿನ ಆಂಟಿಗೆ ತೋರಿಸಬೇಡ," ಎಂದಳು.