ಒಂಬತ್ತು ಎಸೆತದ ಕೀಪರ್

ಅಡ್ಮಿಶನ್ ದಿನವೇ ನಮ್ಮ ಕಾಲೇಜಿನ ಯಂತ್ರ ಚೀಟಿ ಕೊಡುತ್ತದೆ: ಮೂರು ವರ್ಷದಲ್ಲಿ ಕ್ರಿಕೆಟ್ ಮೈದಾನಕ್ಕಿಳಿದು ಯಾರಿಗೆ ಎಷ್ಟು ಎಸೆತ ಆಡುವ ಭಾಗ್ಯ ಅಂತ. ಅದು ತಪ್ಪಿದ್ದೇ ಇಲ್ಲ. ಎರಡನೇ ವಿಕೆಟ್ ಕೀಪರ್ ಆದ ನನಗೆ ಬಂದಿದ್ದು ಒಂಬತ್ತು.

"ಒಂಬತ್ತು ಎಸೆತಕ್ಕೆ ಪ್ರಾಕ್ಟೀಸ್ ಯಾಕೋ ಧರಣೇಂದ್ರ? ನೀರಿನ ಕ್ಯಾನ್ ಹೊರು," ಅಂದರು ನಮ್ಮ ಮಹಾಜ್ಞಾನಿ ಕೋಚ್. ಮೂರು ವರ್ಷ ಹೊತ್ತೆ. ಒಂದೂ ಎಸೆತ ಆಡಲಿಲ್ಲ.

ಇವತ್ತು ಫೈನಲ್, ನನ್ನ ಕೊನೇ ಮ್ಯಾಚು. ಆ ಒಂಬತ್ತು ಇವತ್ತೇ ಬರಬೇಕು ಅಂತ ಹೇಳಲು ಡಿಗ್ರಿ ಬೇಕಿರಲಿಲ್ಲ. ಸರ್‌ಗೆ ಎರಡು ಡಿಗ್ರಿ ಇವೆ. ಪಂದ್ಯ ಮುಗಿಯಲು ಒಂಬತ್ತು ಎಸೆತ ಉಳಿದಾಗ ಮೊದಲ ಕೀಪರ್ ಪಾಯಪ್ಪನ ಬೆರಳು ಮುರಿಯಿತು.

ಸರ್ ಓಡಿಬಂದು ನನಗೆ ಗ್ಲೌಸ್ ತೊಡಿಸಿದರು. "ಕಪ್ ನಿನ್ನ ಕೈಲಿದೆ ಕಣಪ್ಪ! ಚೆಂಡು ಹೆಂಗೆ ಹಿಡೀತೀಯ?"

"ಕ್ಯಾನ್ ಹಿಡಿದ ಹಾಗೇ ಸರ್. ನೀವು ಕಲಿಸಿದ್ದು ಅದೊಂದೇ."