ಮುಳ್ಳುಸೌತೆಗೊಂದು ವಾಕ್ಯ

ಮುಳ್ಳುಸೌತೆ ಕತ್ತರಿಸುವಾಗ ಏಳುವ ಹಸಿ ವಾಸನೆಗೆ ಇಂದಿಗೂ ನನಗೆ ಡೊಂಬಿವಲಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಬೆಕ್ಕು ಸಾಕಬಾರದೆಂದು ನಮ್ಮ ಕಟ್ಟಡದ ಸೊಸೈಟಿಯವರು ಚೀಟಿ ಕಳಿಸಿದ್ದರು. ಮರುದಿನ ಬೆಳಿಗ್ಗೆಯಿಂದ ನನ್ನ ಬಿಳಿ ಬೆಕ್ಕು ಚಿನ್ನಿ ಕಾಣಿಸಲಿಲ್ಲ. ಎಲ್ಲ ಮಹಡಿ ಹುಡುಕಿ, ಅತ್ತು, ಕೊನೆಗೆ ಹೋಮ್‌ವರ್ಕಿಗೆ ಕೂತೆ. ‘ಕೂಲ್ ಆ್ಯಸ್ ಎ ಕುಕುಂಬರ್’ ಬಳಸಿ ಒಂದು ವಾಕ್ಯ ಬರೆಯಬೇಕಿತ್ತು. ಹಾಗೆಂದರೇನೆಂದು ಅಪ್ಪನನ್ನು ಕೇಳಿದೆ.

ಅವರು ಮುಳ್ಳುಸೌತೆಯ ತುದಿ ಕತ್ತರಿಸಿ, ಕಹಿ ಹೋಗಲೆಂದು ಆ ತುಂಡಿನಿಂದಲೇ ಉಜ್ಜುತ್ತಿದ್ದರು. ಬಿಳಿ ನೊರೆ ಬರುತ್ತಿತ್ತು.

“ಏನೇ ಆಗ್ಲಿ, ಮುಖದಲ್ಲಿ ತೋರಿಸದೆ ತಣ್ಣಗೆ ಇರ್ತಾರಲ್ಲ, ಅಂಥವರಿಗೆ ಹಾಗೆ ಹೇಳುದು ಮಗಾ.”

“ಚಿನ್ನಿ ಎಲ್ಲಿಗೆ ಹೋಯ್ತಪ್ಪ?”

“ಬೆಕ್ಕಲ್ವಾ, ತನ್ನಷ್ಟಕ್ಕೆ ಹೋಗಿರ್ಬೇಕು. ಬರ್ತದೆ.”

ಉಜ್ಜುವ ಕೈ ನಿಲ್ಲಲಿಲ್ಲ. ಅಂಗಿಯ ತೋಳು ಮೇಲೆ ಸರಿದಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಮೂರು ಉದ್ದನೆಯ ಪರಚು ಗಾಯಗಳು ಇನ್ನೂ ಕೆಂಪಗಿದ್ದವು. ಬಾಗಿಲ ಬಳಿ ಬಿದ್ದಿದ್ದ ಅವರ ತರಕಾರಿ ಚೀಲದ ಒಳಗೆಲ್ಲ ಬಿಳಿ ರೋಮ ಅಂಟಿತ್ತು.

ನಾನು ಹೋಮ್‌ವರ್ಕ್ ಪುಸ್ತಕ ಎಳೆದುಕೊಂಡೆ. ‘ಮೈ ಫಾದರ್ ಈಸ್ ಆ್ಯಸ್ ಕೂಲ್ ಆ್ಯಸ್ ಎ ಕುಕುಂಬರ್’ ಎಂದು ಬರೆದು, ಸಹಿಗಾಗಿ ಅವರ ಮುಂದೆ ಹಿಡಿದೆ.

ಅಪ್ಪ ಎರಡು ಸಲ ಓದಿದರು. ತೋಳನ್ನು ಕೆಳಗೆಳೆದುಕೊಂಡು ಸಹಿ ಹಾಕಿದರು.

“ಸ್ಪೆಲ್ಲಿಂಗ್ ಸರಿ ಉಂಟು,” ಎಂದರು.