ಮಣಿಯ ಕೆಮ್ಮು

ಇಂಗ್ಲಿಷ್ ಮಾತಾಡುವವರ ಮುಂದೆ ಹೋಗುವಾಗ ಎಲ್ಲರಂತೆ ಮರಿಸ್ವಾಮಯ್ಯನೂ ಕಿವಿಗೆ ಮಣಿ ಸಿಕ್ಕಿಸಿಕೊಳ್ಳುತ್ತಿದ್ದ. ಮಣಿ ಮೊದಲು ಅವರ ಮಾತನ್ನು ಕನ್ನಡದಲ್ಲಿ ಹೇಳುತ್ತಿತ್ತು. ಆಡಿದವರ ಮನಸ್ಸಿನಲ್ಲಿ ಬೇರೇನೋ ಇದ್ದರೆ ಒಮ್ಮೆ ಕೆಮ್ಮಿ, ಅದನ್ನೂ ಹೇಳಿಬಿಡುತ್ತಿತ್ತು. ‘ಬಿಡುವಾದಾಗ ಮನೆಗೆ ಬನ್ನಿ’ ಎಂದು ಬ್ಯಾಂಕಿನ ಮ್ಯಾನೇಜರು ನಕ್ಕರೆ ಮಣಿ ಕೆಮ್ಮಿ, ‘ಬರಬೇಡಿ’ ಎನ್ನುತ್ತಿತ್ತು. ಅದಕ್ಕೆಲ್ಲ ಯಾರೂ ಬೇಸರಪಡುತ್ತಿರಲಿಲ್ಲ.

ಹೆಂಡತಿ ತಾಯಮ್ಮನ ಹೊಟ್ಟೆಯಿಂದ ತೆಗೆದ ಗಡ್ಡೆಯ ಪರೀಕ್ಷೆ ಮುಗಿದಿತ್ತು. ಉತ್ತರದ ಕಡೆಯ ಡಾಕ್ಟರಮ್ಮ ವಾರ್ಡಿಗೆ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ‘ಚಿಂತೆ ಬೇಡ, ಗಡ್ಡೆಯಲ್ಲಿ ಕೆಟ್ಟದ್ದೇನೂ ಇಲ್ಲ’ ಎಂದಿತು ಮಣಿ. ಮರಿಸ್ವಾಮಯ್ಯ ಕೆಮ್ಮಿಗಾಗಿ ಕಾದ. ಮಣಿ ಕೆಮ್ಮಲಿಲ್ಲ. ಬೆಳಿಗ್ಗೆ ಅದು ನೀರಿಗೆ ಬಿದ್ದು ನೆನೆದದ್ದು ಅವನಿಗೆ ನೆನಪಾಯಿತು. ಕೆಮ್ಮುವುದೇ ನಿಂತುಹೋಗಿದ್ದರೆ?

ಚೀಲಕ್ಕೆ ಕೈಹಾಕಿ, ತಾನೇ ಕರಿದಿದ್ದ ಕೋಡುಬಳೆ ತೆಗೆದು ನೀಡಿದ.

“ತಿನ್ನಿ ಡಾಕ್ಟರಮ್ಮ, ಹೆಂಗದೆ ಹೇಳಿ.”

ಡಾಕ್ಟರಮ್ಮ ಕಷ್ಟಪಟ್ಟು ಕಡಿದು, ನಗುತ್ತಾ ಏನೋ ಅಂದರು. ‘ಬಹಳ ವಿಶೇಷವಾಗಿದೆ, ಉಳಿದದ್ದನ್ನು ಆಮೇಲೆ ತಿನ್ನುತ್ತೇನೆ’ ಎಂದ ಮಣಿ, ಗಟ್ಟಿಯಾಗಿ ಕೆಮ್ಮಿತು: ‘ಕಲ್ಲಿನ ಹಾಗಿದೆ. ಹಲ್ಲು ಉಳಿದದ್ದೇ ಪುಣ್ಯ.’

ಮರಿಸ್ವಾಮಯ್ಯ ಮಂಚದ ಅಂಚಿನಲ್ಲಿ ಕುಳಿತು, ಕಣ್ಣೊರೆಸಿಕೊಳ್ಳುತ್ತಾ ನಗತೊಡಗಿದ.

“ಏನಂದ್ರು? ಯಾಕಿಂಗೆ ನಗ್ತೀರಿ?” ಕಿವಿಯಲ್ಲಿ ಮಣಿಯಿಲ್ಲದ ತಾಯಮ್ಮ ಗಾಬರಿಯಾದಳು.

“ನನ್ ಕೋಡುಬಳೆ ಕಲ್ಲಂತೆ ಕಣಮ್ಮಿ!”

“ಅದ್ಕೆ ಇಷ್ಟು ಖುಸಿಯಾ?”

“ಹೂಂ ಕಣೆ. ಮನೆಗ್ ಬಂದು ಇನ್ಮೇಲೆ ನೀನೇ ಮಾಡೀಯಂತೆ.”